ಸಣ್ಣ ಕಾರೋ, ದೊಡ್ಡ ಗಾಡಿಯೋ?

ಅಕ್ಕಲಕೋಟ ತಾಲೂಕಿನ ನಮ್ಮ ಒಂದು ಕಲಿಕಾ ಕೇಂದ್ರಕ್ಕೆ ಒಬ್ಬ ದೊಡ್ಡವ್ವ ಬರುತ್ತಾರೆ. ಒಂದು ಸಂಜೆ ಪಾಟಿಯ ಬದಲು ಕಾಗದ ತಂದರು. ಮಗ ದೊಡ್ಡ ಗಾಡಿ ತಗೋಬೇಕಂತ ಸಾಲ ಕೇಳಿದ್ದ. ಅದಕ್ಕೆ ಇವರ ಸಹಿ ಬೇಕಾಗಿತ್ತು.

"ಹೆಬ್ಬೆಟ್ಟು ಒತ್ತುವಾಗ ಯಾರೂ ಓದಿ ಹೇಳಲಿಲ್ರಿ. ಈಗ ಓದಿನೇ ಸಹಿ ಮಾಡ್ತೀನಿ" ಅಂದರು.

ಕಾಗದ ಮರಾಠಿಯಲ್ಲಿತ್ತು. ಅಕ್ಷರ ನಾನು ಓದಿದೆ, ಅಂಕಿ ಅವರು ಓದಿದರು. ಮಗನೂ ಪಕ್ಕದಲ್ಲಿ ಕುಂತಿದ್ದ.

"ಯವ್ವಾ, ಸಣ್ಣ ಕಾರಿನಾಗ ನಾವೆಲ್ಲಾ ಕೂಡ್ಲಾಕ ಆಗಂಗಿಲ್ಲ" ಅಂದ ಅವನು.

ಮಾತು ಸುಳ್ಳಲ್ಲ. ಆಲ್ಟೋದಂಥ ಸಣ್ಣ ಕಾರಿನಲ್ಲಿ ಓಡಿಸುವವರೂ ಸೇರಿ 5 ಮಂದಿ. ಸ್ಕಾರ್ಪಿಯೋ-ಎನ್‌ನಂಥ ಎತ್ತರದ ಗಾಡಿಯಲ್ಲಿ 7 ಮಂದಿ. ಇಂಥ ಗಾಡಿಗೆ ಎಸ್‌ಯುವಿ ಅಂತಾರೆ. ಮಳೆಗಾಲದಲ್ಲಿ ಕಬ್ಬಿನ ಟ್ರಾಲಿ ಓಡಾಡಿದ ದಾರಿ ನೋಡಿದ್ದೀರಲ್ಲ? ಅಲ್ಲಿ ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ, ದೊಡ್ಡದು ದಾಟುತ್ತದೆ. ಆದರೆ ಊರ ಓಣಿಯಲ್ಲಿ ಲೆಕ್ಕ ತಿರುಗುತ್ತದೆ. ಆಲ್ಟೋ ಒಂದೂವರೆ ಮೀಟರ್ ಅಗಲ, ಸ್ಕಾರ್ಪಿಯೋ-ಎನ್ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಎದುರಿಗೆ ಚಕ್ಕಡಿ ಬಂದರೆ ಯಾರು ಹಿಂದೆ ಸರೀಬೇಕು?

ಎಣ್ಣೆಯ ಲೆಕ್ಕ ಮಾಡೋಣ. ಸೊಲ್ಲಾಪುರಕ್ಕೆ ಹೋಗಿ ಬರಲು ಸುಮಾರು 80 ಕಿಲೋಮೀಟರ್. ಸಣ್ಣ ಕಾರು ಲೀಟರಿಗೆ 20 ಕಿಲೋಮೀಟರ್ ಓಡಿದರೆ 4 ಲೀಟರ್ ಪೆಟ್ರೋಲ್ ಸಾಕು. ದೊಡ್ಡದು ಲೀಟರಿಗೆ 12 ಓಡಿದರೆ ಸುಮಾರು 7 ಲೀಟರ್ ಡೀಸೆಲ್ ಬೇಕು. ಏಳೂ ಮಂದಿ ಹೊರಟರೆ ಸಣ್ಣ ಕಾರು ಎರಡು ಸಲ ಹೋಗಬೇಕು, 8 ಲೀಟರ್. ಅವತ್ತು ದೊಡ್ಡದೇ ಗೆದ್ದಿತು!

ದೊಡ್ಡವ್ವ ಮಗನ ಕಡೆ ತಿರುಗಿದರು. "ಏಳೂ ಮಂದಿ ತಿಂಗಳಿಗೆ ಎಷ್ಟ್ ಸಲ ಹೋಗ್ತೀವಪಾ?"

ಮಗ ಬೆರಳು ಎಣಿಸಿದ. ಜಾತ್ರೆ, ಒಂದೆರಡು ಮದುವೆ. ತಿಂಗಳಿಗಲ್ಲ, ವರ್ಷಕ್ಕೆ ನಾಲ್ಕೈದು ಸಲ.

ಆಮೇಲೆ ಕಂತಿಗೆ ಬಂದೆವು. ಸಾಲ 10 ಲಕ್ಷ. ವರ್ಷಕ್ಕೆ ನೂರಕ್ಕೆ 10 ಬಡ್ಡಿ, 7 ವರ್ಷ. ತಿಂಗಳ ಕಂತು 16,600 ರೂಪಾಯಿ. ಇಂಥ 84 ಕಂತು. ದೊಡ್ಡವ್ವ ಪಾಟಿಯ ಮೇಲೆ ಗುಣಿಸಿದರು, ಒಮ್ಮೆ ತಪ್ಪಿತು, ಒರೆಸಿ ಮತ್ತೆ ಮಾಡಿದರು: 13,94,400. ಬಡ್ಡಿಯೇ 3,94,400!

"ಬಡ್ಡಿ ಒಳಗೇ ಒಂದು ಸಣ್ಣ ಕಾರು ಹೋತಲ್ಲೋ!"

"ಬಾಡಿಗೆ ಹೊಡೀತೀನಿ, ಕಂತು ತಾನೇ ತೀರತದ" ಅಂದ ಮಗ.

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. ಬಿಳಿ ನಂಬರ್ ಪ್ಲೇಟಿನ ಗಾಡಿ ಮನೆಯ ಬಳಕೆಗೆ ಮಾತ್ರ. ಬಾಡಿಗೆಗೆ ಓಡಿಸಲು ಹಳದಿ ಪ್ಲೇಟು, ಪರ್ಮಿಟ್ಟು, ಬೇರೆ ವಿಮೆ ಬೇಕು. ಬಿಳಿ ಪ್ಲೇಟಿನಲ್ಲಿ ಬಾಡಿಗೆ ಹೊಡೆದು ಅಪಘಾತವಾದರೆ ವಿಮೆ ಕಂಪನಿ ಹಣ ಕೊಡಲು ಒಪ್ಪದಿರಬಹುದು. ಗಾಡಿಯೂ ಹೋಗಿ ಸಾಲವೂ ಉಳಿಯುತ್ತದೆ. ನಮ್ಮ ಕಡೆ ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ.

ದೊಡ್ಡವ್ವ ಅವತ್ತು ಸಹಿ ಮಾಡಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. "3 ಲಕ್ಷದ ಲೆಕ್ಕನೂ ಬರಸಿಕೊಂಡು ಬಾರಪಾ, ಎರಡೂ ಕೂಡಿಸಿ ನೋಡೂಣು" ಅಂದರು.

ನೀವೂ ಲೆಕ್ಕ ಮಾಡಿ: 3 ಲಕ್ಷ ಸಾಲ, ಅದೇ ಬಡ್ಡಿ, ಅದೇ 7 ವರ್ಷ. ತಿಂಗಳ ಕಂತು 4,980 ರೂಪಾಯಿ. 84 ಕಂತಿಗೆ ಒಟ್ಟು ಎಷ್ಟು? ಅದರಲ್ಲಿ ಬಡ್ಡಿ ಎಷ್ಟು?