ಅಧಿಕಾರ ಹೋದರೂ ಉಳಿಯುವ ಅಧಿಕಾರ



ನಮ್ಮ ಕೋಲಾರ ಸೀಮೆಯವರಿಗೆ ಜ್ಯೇಷ್ಠಮಾಸವು ಎರಡು ಸ್ಮರಣೆಗಳನ್ನು ಹೊತ್ತು ತರುತ್ತದೆ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಮುಳಬಾಗಿಲಿನ ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಆರಾಧನೆ ನಡೆಯುತ್ತದೆ. ಸರಿಸುಮಾರು ಅದೇ ಋತುವಿನಲ್ಲಿ, ಜೂನ್ 6ರಂದು, ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಗ್ರಾಮದ ಹೆಸರನ್ನು ನಾಡಿನಾದ್ಯಂತ ಬೆಳಗಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಜನ್ಮದಿನ ಬರುತ್ತದೆ. ಅವರು ಇಹಲೋಕವನ್ನು ಬಿಟ್ಟದ್ದೂ 1986ರ ಅದೇ ದಿನ. ಒಬ್ಬರು ಯತಿಗಳು, ಮತ್ತೊಬ್ಬರು ಗೃಹಸ್ಥರು. ಒಬ್ಬರು ದ್ವೈತಮತದ ಆಚಾರ್ಯರು, ಮತ್ತೊಬ್ಬರು ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದವರು. ಇಬ್ಬರ ನಡುವೆ ಸುಮಾರು ನಾಲ್ಕು ಶತಮಾನಗಳ ಅಂತರ. ಆದರೂ ಬಾಳಿನಲ್ಲಿ ಉತ್ಸಾಹವುಡುಗಿ ಕುಳಿತವರಿಗೆ ಈ ಇಬ್ಬರಿಂದಲೂ ದೊರೆಯುವ ಪಾಠವೊಂದಿದೆ. ಅದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಎರಡು ಬಗೆಯ ಅಧಿಕಾರ

‘ಅಧಿಕಾರ’ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಲೋಕವ್ಯವಹಾರದಲ್ಲಿ ಅದಕ್ಕೆ ಹುದ್ದೆ, ರುಜು, ಮೊಹರು, ಕೈಕೆಳಗಿನ ಸಿಬ್ಬಂದಿ ಎಂದು ಅರ್ಥ. ಶಾಸ್ತ್ರದಲ್ಲಿಯಾದರೋ ಅದೇ ಶಬ್ದಕ್ಕೆ ಯೋಗ್ಯತೆ ಎಂಬ ಅರ್ಥ. ಒಂದು ಕರ್ಮವನ್ನು ಮಾಡಲು ನಮಗಿರುವ ಹಕ್ಕು ಎಂಬ ಅರ್ಥ. ಮನುಷ್ಯನಿಗೆ ಅಧಿಕಾರವಿರುವುದು ಕರ್ಮದಲ್ಲಿ, ಫಲದಲ್ಲಲ್ಲ ಎಂದು ಗೀತಾಚಾರ್ಯನು ಅರ್ಜುನನಿಗೆ ಉಪದೇಶಿಸಿದಾಗ ಬಳಕೆಯಾದದ್ದು ಈ ಎರಡನೆಯ ಅರ್ಥ.

ಮೊದಲನೆಯ ಅಧಿಕಾರವನ್ನು ಕೊಡುವವರು ಬೇರೆಯವರು. ಆದುದರಿಂದ ಅದನ್ನು ಕಿತ್ತುಕೊಳ್ಳುವವರೂ ಬೇರೆಯವರೇ. ನಿವೃತ್ತಿಯ ಆಜ್ಞೆಯೊಂದು ಸಾಕು, ಮೇಲಧಿಕಾರಿಯ ಮನಸ್ತಾಪವೊಂದು ಸಾಕು, ವಯಸ್ಸೊಂದೇ ಸಾಕು. ಎರಡನೆಯದನ್ನು ಯಾವ ಸರ್ಕಾರವೂ ಹಿಂತೆಗೆದುಕೊಳ್ಳಲಾರದು. ದುಃಖದ ಸಂಗತಿಯೆಂದರೆ, ಮೊದಲನೆಯದು ಹೋದ ದಿನವೇ ಎರಡನೆಯದೂ ಹೋಯಿತೆಂದು ನಾವು ಭ್ರಮಿಸುತ್ತೇವೆ.

ದೇವಾಲಯದ ಜಗಲಿಯ ಮೇಲೆ ಸಂಜೆಯ ಹೊತ್ತು ಕುಳಿತವರನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೂವತ್ತು ವರ್ಷ ಕಚೇರಿ ನಡೆಸಿ ಈಗ ಪತ್ರಿಕೆಯನ್ನು ಎರಡೆರಡು ಬಾರಿ ಓದುವ ನಿವೃತ್ತರು, ಮಕ್ಕಳೆಲ್ಲ ದೂರದೇಶ ಸೇರಿ ಬೀಗ ಹಾಕಿದ ಕೋಣೆಗಳ ನಡುವೆ ಉಳಿದ ತಾಯಿ, ಪತಿಯನ್ನು ಕಳೆದುಕೊಂಡ ಮೇಲೆ ಹಬ್ಬಗಳಲ್ಲಿ ಹಿಂದಿನ ಸಾಲಿಗೆ ಸರಿದು ನಿಂತ ಗೃಹಿಣಿ, ಪರೀಕ್ಷೆಯಲ್ಲಿ ಸೋತು ಯಾರ ಕಣ್ಣಿಗೂ ಬೀಳಲೊಲ್ಲದ ಯುವಕ: ಇವರಲ್ಲಿ ಅನೇಕರಿಗೆ ಊಟಬಟ್ಟೆಗಳ ಕೊರತೆಯಿಲ್ಲ. ‘ನಾನಿನ್ನು ಯಾರಿಗೆ ಬೇಕು?’ ಎಂಬ ಒಂದು ಪ್ರಶ್ನೆ ಅವರನ್ನು ಒಳಗೊಳಗೇ ತಿನ್ನುತ್ತಿರುತ್ತದೆ.

ಮಾಸ್ತಿಯವರ ಉತ್ತರ

ಈ ಪ್ರಶ್ನೆ ಮಾಸ್ತಿಯವರ ಬಾಳಿನಲ್ಲಿ ಅವರ 52ನೆಯ ವಯಸ್ಸಿನಲ್ಲಿ ಎದುರಾಯಿತು. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಎಂ.ಎ. ಪದವಿಯನ್ನು ಪಡೆದು, ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸ್ ಸೇರಿ, ಅಸಿಸ್ಟೆಂಟ್ ಕಮೀಷನರ್ ಹುದ್ದೆಯಿಂದ ಮೊದಲುಗೊಂಡು ಜಿಲ್ಲಾಧಿಕಾರಿಯ ಪದವಿಯವರೆಗೆ ಏರಿದವರು. ಮಂತ್ರಿಪದವಿಗೆ ಸಮಾನವಾದ ಸ್ಥಾನವೊಂದು ನ್ಯಾಯವಾಗಿ ತಮಗೆ ಸಲ್ಲಬೇಕಾಗಿದ್ದು, ಅದು ತಮಗಿಂತ ಕಿರಿಯರಿಗೆ ಸಂದಾಗ, 1943ರಲ್ಲಿ ಅವರು ತಾವಾಗಿಯೇ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟರು.

ಇಂತಹ ಸಂದರ್ಭದಲ್ಲಿ ಸಾಮಾನ್ಯ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ತನಗಾದ ಅನ್ಯಾಯವನ್ನು ಬಂದಬಂದವರಿಗೆಲ್ಲ ಹೇಳುತ್ತ ಉಳಿದ ಆಯುಷ್ಯವನ್ನು ಕಳೆಯುವುದು ಒಂದು. ಬಾಗಿಲು ಮುಚ್ಚಿಕೊಂಡು ಮೌನವಾಗಿಬಿಡುವುದು ಇನ್ನೊಂದು. ಮಾಸ್ತಿಯವರು ಮೂರನೆಯ ದಾರಿಯನ್ನು ಹಿಡಿದರು. ಮರುವರ್ಷವೇ, 1944ರಲ್ಲಿ, ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1965ರವರೆಗೆ ಅದನ್ನು ನಡೆಸಿದರು. ಅನ್ಯರ ಬರಹಗಳನ್ನು ಓದಿ, ತಿದ್ದಿ, ಪ್ರಕಟಿಸುವ ಈ ಕಾರ್ಯದಲ್ಲಿ ಹುದ್ದೆಯ ವೈಭವವಿಲ್ಲ. ಕೈಕೆಳಗಿನ ಸಿಬ್ಬಂದಿಯ ಜಾಗದಲ್ಲಿ ಕೈತುಂಬ ಹಸ್ತಪ್ರತಿಗಳು. ಅದೇ ಕಾಲದಲ್ಲಿ ಬಿದನೂರಿನ ಅರಸುಮನೆತನದ ಕಡೆಗಾಲವನ್ನು ಕುರಿತ ‘ಚೆನ್ನಬಸವನಾಯಕ’ವನ್ನೂ, ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರರಾಜೇಂದ್ರ’ವನ್ನೂ ಬರೆದರು. ಎರಡೂ ಅಧಿಕಾರ ಕೈತಪ್ಪಿದ ರಾಜ್ಯಗಳ ಕಥೆಗಳೆಂಬುದು ಗಮನಾರ್ಹವಾದುದು. ನಮ್ಮ ದಾಸವರೇಣ್ಯರಾದ ಪುರಂದರದಾಸರನ್ನು ಕುರಿತು ಅವರು ನಾಟಕವನ್ನೂ ರಚಿಸಿದರು. ‘ಚಿಕವೀರರಾಜೇಂದ್ರ’ಕ್ಕಾಗಿ ಅವರಿಗೆ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಾಗ ಅವರಿಗೆ ತೊಂಬತ್ತು ವರ್ಷ ದಾಟಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಬೇಕು. ಅವರು ಸರ್ಕಾರದ ಉದ್ಯೋಗದಲ್ಲಿದ್ದದ್ದು ಮೂರು ದಶಕಗಳಿಗಿಂತ ಕಡಮೆ. ಅದನ್ನು ಬಿಟ್ಟ ಮೇಲೆ ಬಾಳಿದ್ದು 43 ವರ್ಷ. ಕೈತಪ್ಪಿದ ಹುದ್ದೆಯ ಹೆಸರು ಇಂದು ಯಾರಿಗೂ ನೆನಪಿಲ್ಲ. ಮಾಸ್ತಿಯಲ್ಲಿರುವ ಅವರ ಮನೆಯಾದರೋ ಗ್ರಂಥಾಲಯವಾಗಿ ಮಾರ್ಪಟ್ಟಿದೆ.

ಆದರೆ ಈ ಫಲ ಒಂದೇ ದಿನದಲ್ಲಿ ಬಿಟ್ಟದ್ದಲ್ಲ ಎಂಬುದನ್ನೂ ಮರೆಯಬಾರದು. ಅವರ ಮೊದಲ ಕಥಾಸಂಗ್ರಹ ಹೊರಬಂದದ್ದು 1920ರಲ್ಲಿ. ಉದ್ಯೋಗದ ಭಾರದ ನಡುವೆಯೇ ಅವರು ‘ಶ್ರೀನಿವಾಸ’ ಎಂಬ ಹೆಸರಿನಿಂದ ಬರೆಯುತ್ತಿದ್ದರು. 1929ರಲ್ಲಿಯೇ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಹುದ್ದೆಯ ಮರ ಉರುಳಿದಾಗ ಪಕ್ಕದಲ್ಲಿ ನೆಟ್ಟಿದ್ದ ಸಸಿ ನೆರಳು ಕೊಡುವಷ್ಟು ಬೆಳೆದಿತ್ತು. ಈಗ ಉದ್ಯೋಗದಲ್ಲಿರುವ ನಮ್ಮ ತರುಣ ಮಿತ್ರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ವಾರಕ್ಕೊಂದು ಗಂಟೆಯಾದರೂ ಸಂಬಳವಿಲ್ಲದ ಒಂದು ವಿದ್ಯೆಗೆ ನೀರೆರೆಯದವನಿಗೆ ನಿವೃತ್ತಿಯ ದಿನ ಬರಿಯ ಬಯಲೇ ಎದುರಾಗುತ್ತದೆ.

ಕಲೆ ಎಂಬ ದಾನ

ಕಥೆ ಬರೆಯುವ ಶಕ್ತಿ ಎಲ್ಲರಿಗೂ ಇಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವು ಮುಳಬಾಗಿಲಿನಲ್ಲಿ ದೊರೆಯುತ್ತದೆ. ಶ್ರೀಪಾದರಾಜರು ಸಾಮಾನ್ಯ ಪಂಡಿತರಲ್ಲ. ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ಸಂಸ್ಕೃತ ವ್ಯಾಖ್ಯಾನವನ್ನು ರಚಿಸಿದವರು, ವ್ಯಾಸರಾಯರಂತಹ ಮೇಧಾವಿಗಳಿಗೆ ವಿದ್ಯೆಯನ್ನು ಧಾರೆಯೆರೆದವರು. ಅಂತಹವರು ‘ರಂಗವಿಠಲ’ ಎಂಬ ಅಂಕಿತದಿಂದ ಕನ್ನಡದಲ್ಲಿ ಕೀರ್ತನೆಗಳನ್ನು ಹಾಡಿದರು. ಶಾಸ್ತ್ರದ ಬಾಗಿಲು ಯಾರಿಗೆ ತೆರೆದಿರಲಿಲ್ಲವೋ ಅವರಿಗೂ ತತ್ತ್ವದ ರುಚಿ ಹಾಡಿನ ಮೂಲಕ ತಲುಪಿತು. ಹೀಗೆ ನಮ್ಮ ಪರಂಪರೆಯಲ್ಲಿ ಕಲೆಯು ಮೊದಲಿನಿಂದಲೂ ಹಂಚುವ ವಸ್ತು.

ಹಂಚುವ ಕಲೆಯಲ್ಲಿ ಎಲ್ಲರಿಗೂ ಒಂದೊಂದು ಸ್ಥಾನವುಂಟು. ಭಜನೆಯಲ್ಲಿ ಒಬ್ಬರು ಹಾಡಿದರೆ ಹತ್ತು ಮಂದಿ ದನಿಗೂಡಿಸಬೇಕು; ಒಬ್ಬರು ತಾಳ ಹಾಕಬೇಕು; ಒಬ್ಬರು ತಂಬೂರಿ ಮೀಟಬೇಕು; ಒಬ್ಬರು ದೀಪಕ್ಕೆ ಎಣ್ಣೆ ನೋಡಿಕೊಳ್ಳಬೇಕು. ಕಂಠ ಚೆನ್ನಾಗಿಲ್ಲದವನೂ ಅಲ್ಲಿ ಬೇಡದವನಲ್ಲ. ‘ನಾನು ಯಾರಿಗೆ ಬೇಕು?’ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಯಾವುದಿದೆ?

ಹರಿದಾಸಪರಂಪರೆಯ ಮಹಿಳೆಯರನ್ನೂ ಇಲ್ಲಿ ಸ್ಮರಿಸಬೇಕು. ಬಳ್ಳಾರಿ ಸೀಮೆಯ ಹರಪನಹಳ್ಳಿ ಭೀಮವ್ವನವರು 19ನೆಯ ಶತಮಾನದವರು. ಪತಿವಿಯೋಗದ ನಂತರ ಹೆಣ್ಣಿನ ಬಾಳು ಮುಗಿಯಿತೆಂದೇ ಸಮಾಜ ತಿಳಿಯುತ್ತಿದ್ದ ಕಾಲದಲ್ಲಿ ವೈಧವ್ಯವನ್ನು ಅನುಭವಿಸಿದವರು. ‘ಭೀಮೇಶಕೃಷ್ಣ’ ಎಂಬ ಅಂಕಿತದ ಅವರ ಹಾಡುಗಳು ಇಂದಿಗೂ ನಮ್ಮ ಮನೆಗಳ ಶುಭಕಾರ್ಯಗಳಲ್ಲಿ ಕೇಳಿಬರುತ್ತವೆ. ಯಾರನ್ನು ಶುಭಕಾರ್ಯದಿಂದ ದೂರವಿಡುತ್ತಿದ್ದರೋ ಅವರ ಹಾಡಿಲ್ಲದೆ ಇಂದು ನಮ್ಮ ಶುಭಕಾರ್ಯ ಪೂರ್ಣವಾಗದು. ಪತಿಯನ್ನು ಕಳೆದುಕೊಂಡ ಸೋದರಿಯರನ್ನು ಹಿಂದಿನ ಸಾಲಿಗೆ ಸರಿಸುವ ಮುನ್ನ ನಾವೆಲ್ಲರೂ ಇದನ್ನು ಚಿಂತಿಸಬೇಕು.

ಕಲೆ ಮನಸ್ಸಿಗೆ ಔಷಧವೆಂದು ಹೇಳುವುದು ಭಾವುಕತೆಯಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗವು ಪ್ರಕಟಿಸಿದ ವರದಿಯೊಂದು, ಕಲೆಗೂ ಆರೋಗ್ಯಕ್ಕೂ ಇರುವ ಸಂಬಂಧದ ಬಗ್ಗೆ ನಡೆದ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿತು. ರೋಗವನ್ನು ತಡೆಯುವುದರಲ್ಲಿಯೂ, ಬಂದ ರೋಗವನ್ನು ನಿಭಾಯಿಸುವುದರಲ್ಲಿಯೂ ಹಾಡು, ನೃತ್ಯ, ಚಿತ್ರ, ಸಾಹಿತ್ಯಗಳು ನೆರವಾಗುತ್ತವೆಂದು ಅದು ಕಂಡುಕೊಂಡಿತು.

ಸೋತವನಿಗೂ ಸೇವೆಯ ದಾರಿ

ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರ ಬಾಳು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. 1887ರಲ್ಲಿ ಹುಟ್ಟಿದ ಅವರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪರೀಕ್ಷೆಯ ಸೋಲನ್ನು ವಿದ್ಯೆಯ ಸೋಲೆಂದು ಅವರು ಭಾವಿಸಲಿಲ್ಲ. ಸ್ವಂತ ಪರಿಶ್ರಮದಿಂದ ಓದಿ ಪತ್ರಿಕೋದ್ಯಮಿಗಳಾದರು; ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು; 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿ, ಅಲ್ಲಿ ತರುಣರಿಗೆ ಕಾವ್ಯ, ಗೀತೆ, ರಾಜ್ಯಶಾಸ್ತ್ರಗಳ ಪಾಠ ಹೇಳಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. 1970ರಲ್ಲಿ ಸಾರ್ವಜನಿಕರು ಸನ್ಮಾನಮಾಡಿ ಅರ್ಪಿಸಿದ 90 ಸಾವಿರ ರೂಪಾಯಿಗಳ ನಿಧಿಯನ್ನು ಅವರು ಆ ಸಂಸ್ಥೆಗೇ ಒಪ್ಪಿಸಿದರು. ತಾನು ಗಳಿಸಲಾಗದ ಪದವಿಗಾಗಿ ಕೊರಗದೆ, ತನಗೆ ತಿಳಿದದ್ದನ್ನು ಇತರರಿಗೆ ತಿಳಿಸುವುದರಲ್ಲಿ ಆಯುಷ್ಯವನ್ನು ಸವೆಸಿದವರ ಮನೆಬಾಗಿಲಿಗೆ ಪದವಿಯೇ ಬಂದು ನಿಂತಿತು.

ಎಚ್ಚರಿಕೆಯ ಎರಡು ಮಾತು

ಸೇವೆಯನ್ನು ಹೊಗಳುವ ಭರದಲ್ಲಿ ಅನ್ಯಾಯವಾದ ಮಾತನ್ನು ಆಡಬಾರದು. 2001ರ ಫೆಬ್ರವರಿ 28ರಂದು ನಮ್ಮ ಸೀಮೆಯ ಕೋಲಾರ ಚಿನ್ನದ ಗಣಿ ಮುಚ್ಚಿದಾಗ ಸಾವಿರಾರು ಕುಟುಂಬಗಳ ಕೂಲಿಯೇ ನಿಂತುಹೋಯಿತು. ಅಂತಹವರಿಗೆ ಮೊದಲು ಬೇಕಾದದ್ದು ಅನ್ನ ಮತ್ತು ಉದ್ಯೋಗ. ಹಸಿದವನಿಗೆ ಭಜನೆಯ ಉಪದೇಶ ಮಾಡುವುದು ಧರ್ಮವಲ್ಲ. ಹಾಗೆಯೇ ದೀರ್ಘಕಾಲ ನಿದ್ರೆಯಿಲ್ಲದೆ, ಬಾಳೇ ಬೇಡವೆಂಬ ಯೋಚನೆಯಿಂದ ಕುಗ್ಗಿದವರನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಜೊತೆಯಲ್ಲಿ ಹೋಗಿ ಕುಳಿತು ಬರುವುದೇ ಆಗ ನಾವು ಮಾಡಬಹುದಾದ ಸೇವೆ.

ಎರಡನೆಯ ಎಚ್ಚರಿಕೆ ಸೇವೆ ಮಾಡುವವರಿಗೇ ಸೇರಿದ್ದು. ಕಚೇರಿಯ ಅಧಿಕಾರವನ್ನು ಬಿಟ್ಟು ಬಂದವನು ಉತ್ಸವದ ಸಮಿತಿಯಲ್ಲಿ ಅದನ್ನೇ ಹುಡುಕತೊಡಗಿದರೆ ರೋಗ ವಾಸಿಯಾಗಲಿಲ್ಲವೆಂದೇ ಅರ್ಥ. ಆಮಂತ್ರಣಪತ್ರಿಕೆಯಲ್ಲಿ ಹೆಸರು ಕೆಳಗಾಯಿತೆಂದೂ, ಫಲತಾಂಬೂಲದ ಮರ್ಯಾದೆ ಮೊದಲು ಇನ್ನೊಬ್ಬರಿಗೆ ಸಂದಿತೆಂದೂ ಮನಸ್ತಾಪಗಳು ಹುಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಅವನ ಅಧೀನ ಎಂಬ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಪ್ರವಚನದಲ್ಲಿ ಕೇಳುವುದು ಸುಲಭ; ಬೇರೆಯವರ ಹೆಸರು ಮೇಲೆ ಬಂದ ದಿನ ಅದನ್ನು ನೆನೆಯುವುದೇ ಅದರ ನಿಜವಾದ ಅಧ್ಯಯನ.

ಆಚರಣೆಗೆ

ಈ ಪಾಠವು ಓದಿನಲ್ಲಿಯೇ ಮುಗಿಯಬಾರದು. ತನಗೆ ಬಲ್ಲ ಕೆಲಸವನ್ನೇ ಆರಿಸಿಕೊಳ್ಳುವುದು ಉತ್ತಮ: ಲೆಕ್ಕ ಬಲ್ಲವರು ಊರಿನ ಮಕ್ಕಳಿಗೆ ಗಣಿತ ಹೇಳಿಕೊಡಲಿ, ಹೂಮಾಲೆ ಕಟ್ಟಬಲ್ಲವರು, ರಂಗವಲ್ಲಿ ಹಾಕಬಲ್ಲವರು ಇಬ್ಬರು ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲಿ, ಕಣ್ಣು ಮಂದವಾದ ಹಿರಿಯರಿಗೆ ಒಬ್ಬರು ಪುರಾಣವನ್ನೋ ಕಾದಂಬರಿಯನ್ನೋ ಓದಿ ಹೇಳಲಿ. ನಮ್ಮ ಅಜ್ಜಿಯಂದಿರ ಕಂಠದಲ್ಲಿ ಮಾತ್ರ ಉಳಿದಿರುವ ಸಂಪ್ರದಾಯದ ಹಾಡುಗಳನ್ನು ಬರೆದಿಡುವ ಕೆಲಸವಂತೂ ತಡಮಾಡತಕ್ಕದ್ದಲ್ಲ. ಒಬ್ಬ ಅಜ್ಜಿ ತೀರಿಕೊಂಡರೆ ಕೆಲವು ಹಾಡುಗಳು ಅವರೊಡನೆಯೇ ಹೊರಟುಹೋಗುತ್ತವೆ. ಹಾಡುವ ಅಜ್ಜಿಗೂ, ಬರೆದುಕೊಳ್ಳುವ ಮೊಮ್ಮಗಳಿಗೂ ಅದರಿಂದ ಆಗುವ ಲಾಭ ಸಮಾನವಾದುದು.

ಕೆಲಸ ಸಣ್ಣದಿರಲಿ, ಆದರೆ ವಾರ ಮತ್ತು ಹೊತ್ತು ನಿಶ್ಚಿತವಾಗಿರಲಿ. ‘ಬಿಡುವಾದಾಗ ಬರುತ್ತೇನೆ’ ಎಂಬವನಿಗೆ ಬಿಡುವಾಗುವುದೇ ಇಲ್ಲ. ಗುರುವಾರ ಸಂಜೆ ಐದಕ್ಕೆ ಇಬ್ಬರು ಮಕ್ಕಳು ತನಗಾಗಿ ಕಾಯುತ್ತಿರುತ್ತಾರೆ ಎಂಬ ಅರಿವು ಬುಧವಾರದ ರಾತ್ರಿಯನ್ನೂ ಹಗುರಗೊಳಿಸುತ್ತದೆ. ಭರವಸೆಯೆಂಬುದು ಬಹುಮಟ್ಟಿಗೆ ಇಷ್ಟೇ: ನಾಳೆ ನಮ್ಮನ್ನು ಯಾರೋ ಎದುರುನೋಡುತ್ತಿದ್ದಾರೆ ಎಂಬ ತಿಳಿವು.

ಹುದ್ದೆ ಹೋಗಬಹುದು, ಆಪ್ತರು ಅಗಲಬಹುದು, ಪರೀಕ್ಷೆಯ ಪಟ್ಟಿಯಲ್ಲಿ ಹೆಸರು ಇಲ್ಲದೆ ಹೋಗಬಹುದು. ಕೆಲಸ ಮಾಡುವ ಅಧಿಕಾರವು ಆ ದಿನವೂ, ಮರುದಿನವೂ ನಮ್ಮ ಬಳಿಯೇ ಇರುತ್ತದೆ. ಈ ಜ್ಯೇಷ್ಠದಲ್ಲಿ ನರಸಿಂಹತೀರ್ಥಕ್ಕೆ ಆರಾಧನೆಗೆ ತೆರಳುವ ಸಜ್ಜನರು ಮನೆಯಲ್ಲಿ ಸುಮ್ಮನೆ ಕುಳಿತ ಒಬ್ಬ ಹಿರಿಯರನ್ನೋ, ಬೇಸರಗೊಂಡ ಒಬ್ಬ ತರುಣನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅಲ್ಲಿ ಅವರ ಕೈಗೂ ಒಂದು ಕೆಲಸವನ್ನು ಕೊಡಿಸಲಿ. ಊಟದ ಎಲೆ ಹಾಕುವುದಾದರೂ ಸರಿ, ನೀರು ಬಡಿಸುವುದಾದರೂ ಸರಿ.

ಶ್ರೀಕೃಷ್ಣಾರ್ಪಣಮಸ್ತು.