ನಿದ್ರೆ ಬಾರದ ರಾತ್ರಿಗಳಲ್ಲಿ

"ಸ್ವಾಮಿ, ಮಲಗಿದರೆ ಕಣ್ಣು ಮುಚ್ಚುತ್ತದೆ, ತಲೆ ಮುಚ್ಚುವುದಿಲ್ಲ." ಮನೆಭೇಟಿಗೆ ಹೋದಾಗ ಈ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುತ್ತೇನೆ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಊರುಗಳಲ್ಲಿ ಅದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೊಳವೆಬಾವಿಯ ನೀರು, ಈರುಳ್ಳಿಯ ದರ, ಸಾಲದ ಕಂತು, ಮಗಳ ಮದುವೆ. ಸಾಲದ್ದಕ್ಕೆ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತಿನಲ್ಲೇ ಬರುತ್ತದೆ. ಮೋಟಾರು ಹಾಕಲು ಎದ್ದವರಿಗೆ ಮತ್ತೆ ನಿದ್ರೆ ಹತ್ತುವುದಿಲ್ಲ.

ಇದನ್ನು ವಿಶ್ವಾಸದ ಕೊರತೆ ಎಂದು ಹೀಗಳೆಯುವವರಿದ್ದಾರೆ. ಅದು ತಪ್ಪು. ಪ್ರವಾದಿ ಎಲೀಯನು ಸಾವನ್ನು ಬೇಡಿಕೊಂಡು ಜಾಲಿಗಿಡದ ಕೆಳಗೆ ಮಲಗಿದಾಗ ದೇವದೂತನು ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು (1 ಅರಸುಗಳು 19). ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತಿಯೊಲೊಜಿಯಾ' ಗ್ರಂಥದಲ್ಲಿ ದುಃಖಕ್ಕೆ ಮದ್ದು ಹೇಳುವಾಗ ಕಣ್ಣೀರು, ಗೆಳೆಯರ ಸಾಂತ್ವನ, ಸತ್ಯದ ಧ್ಯಾನ ಇವುಗಳ ಜೊತೆಗೆ ಸ್ನಾನ ಮತ್ತು ನಿದ್ರೆಯನ್ನೂ ಸೇರಿಸಿದ್ದಾರೆ. ಗುರುಮಠದಲ್ಲಿ ಇದನ್ನು ಓದಿ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ನಿದ್ರೆಯು ನಮ್ಮ ಇಚ್ಛಾಶಕ್ತಿಗೆ ಮಣಿಯುವಂಥದ್ದಲ್ಲ. ಬರಲೇಬೇಕೆಂದು ಹಟ ಹಿಡಿದಷ್ಟೂ ದೂರ ಸರಿಯುತ್ತದೆ. ಆದ್ದರಿಂದ ಸುಮಾರು 20 ನಿಮಿಷ ಹೊರಳಾಡಿದರೂ ಬಾರದಿದ್ದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಕುಳಿತು ಜಪಸರ ಮಾಡಿ. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ಹಾಸಿಗೆಯೆಂದರೆ ಚಿಂತೆ ಮಾಡುವ ಜಾಗ ಎಂದು ದೇಹ ಕಲಿತುಬಿಟ್ಟಿರುತ್ತದೆ, ಆ ಪಾಠವನ್ನು ಅದಕ್ಕೆ ಮರೆಸಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗದಿರಲಿ. ಮೋಟಾರಿಗಾಗಿ ಎದ್ದವರು ಮಧ್ಯಾಹ್ನ ಅರ್ಧ ಗಂಟೆ ಒರಗಬಹುದು, ಸಂಜೆಯ ನಿದ್ರೆ ಬೇಡ. 2016ರಲ್ಲಿ ಅಮೆರಿಕದ ವೈದ್ಯರ ಸಂಸ್ಥೆಯೊಂದು ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸಗಳನ್ನು ಕಲಿಸುವ ಚಿಕಿತ್ಸೆಯನ್ನೇ ಸೂಚಿಸಿತು. ಅಂದಹಾಗೆ, ಜಪಸರದ ನಡುವೆ ನಿದ್ರೆ ಬಂದರೆ ಪಾಪವೇ ಎಂದು ಕೇಳುವವರಿದ್ದಾರೆ. ಪಾಪವಲ್ಲ.

ಇನ್ನು ಚಿಂತೆ. ಅದನ್ನು ಮಲಗುವ ಮುಂಚೆಯೇ ಕಾಗದಕ್ಕೆ ಇಳಿಸಿ: ಯಾರಿಗೆ ಎಷ್ಟು ಕೊಡಬೇಕು, ನಾಳೆ ಯಾರನ್ನು ಕಾಣಬೇಕು. ಪೋಪ್ ಫ್ರಾನ್ಸಿಸರು 2015ರ ಜನವರಿಯಲ್ಲಿ ಮನಿಲಾದಲ್ಲಿ ಕುಟುಂಬಗಳ ಮುಂದೆ ತಮ್ಮದೇ ರೂಢಿಯೊಂದನ್ನು ಹೇಳಿದ್ದರು. ಅವರ ಮೇಜಿನ ಮೇಲೆ ಮಲಗಿರುವ ಸಂತ ಜೋಸೆಫರ ಪ್ರತಿಮೆಯಿತ್ತು. ಕಷ್ಟ ಬಂದಾಗ ಚೀಟಿ ಬರೆದು ಅದರ ಕೆಳಗೆ ಇಡುತ್ತಿದ್ದರು. ನಿಮ್ಮಲ್ಲಿ ಪ್ರತಿಮೆ ಇಲ್ಲದಿದ್ದರೆ ಬೈಬಲ್ಲಿನ ಕೆಳಗಿಡಿ. ಚೀಟಿ ಸಾಲ ತೀರಿಸುವುದಿಲ್ಲ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಯಾರ ಸಾಲವೂ ತೀರುವುದಿಲ್ಲವಲ್ಲ! ಗಂಡ ಹೆಂಡತಿ ಕೂಡಿ ಬರೆದರೆ ಇನ್ನೂ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಸಾಲದ ಲೆಕ್ಕ ಗಂಡನ ತಲೆಯೊಳಗೆ ಮಾತ್ರ ಇರುತ್ತದೆ, ಹೆಂಡತಿಗೆ ಅವನ ಸಿಡುಕಷ್ಟೇ ಕಾಣುತ್ತದೆ.

ಕಾಫಿ, ಟೀ ಮಧ್ಯಾಹ್ನಕ್ಕೇ ನಿಲ್ಲಲಿ. 'ನಿದ್ರೆಗೆ ಸ್ವಲ್ಪ' ಎಂದು ಕುಡಿಯುವವರು ತಿಳಿಯಬೇಕು: ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿಯಲ್ಲಿ ಎಬ್ಬಿಸುತ್ತದೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಕಳೆದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಮಾತ್ರ ಒಂದು ರಾತ್ರಿಯೂ ಕಾಯಬೇಡಿ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಗುರುಮನೆಯ ಬಾಗಿಲನ್ನೂ ತಟ್ಟಿರಿ, ಹೊತ್ತು ನೋಡಬೇಡಿ.