ಚೆನ್ನೈ ರಸ್ತೆಯಲ್ಲಿ ಫಲಕ ಕಾಣದಿದ್ದರೆ ಏನು ಮಾಡಬೇಕು?

ಬೆಂಗಳೂರಿನಿಂದ ಶ್ರೀಪೆರಂಬದೂರು, ಪೂನಮಲ್ಲಿ ದಾಟಿ ಬರುವ ಕಾರು ಕತಿಪಾರ ಕ್ಲೋವರ್‌ಲೀಫ್ ಮೇಲ್ಸೇತುವೆ ತಲುಪಿದರೆ, ಅಣ್ಣಾ ಸಾಲೈ ಒಂದು ಕಡೆ, ವಿಮಾನ ನಿಲ್ದಾಣ ಇನ್ನೊಂದು ಕಡೆ, ಕೋಯಂಬೇಡು ಮತ್ತೊಂದು ಕಡೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬಣ್ಣ ಮಾಸಿದ ಫಲಕದ ಅಕ್ಷರ 30 ಮೀಟರ್ ಹತ್ತಿರ ಬಂದ ಮೇಲಷ್ಟೇ ಕಂಡರೆ, ಅದನ್ನು ಓದಿ, ಕನ್ನಡಿ ನೋಡಿ, ಲೇನ್ ಬದಲಿಸಲು ಎರಡು ಸೆಕೆಂಡೂ ಸಿಗುವುದಿಲ್ಲ. ಹಠಾತ್ ಬ್ರೇಕು, ಹಿಂದಿನಿಂದ ಡಿಕ್ಕಿ ಆಗುವುದು ಇಂಥ ಕಡೆಯೇ.

ಚೆನ್ನೈನಲ್ಲಿ ಫಲಕಗಳು ಬೇಗ ಹಾಳಾಗಲು, ಮರೆಯಾಗಲು ಕಾರಣ ಹಲವು. ಕಡಲಿನ ಉಪ್ಪುಗಾಳಿಗೆ ಕಂಬ ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ಕೆಂಪು ಅಂಚು ಬೆಳ್ಳಗಾಗುತ್ತದೆ, ಮರದ ಕೊಂಬೆ ಅಡ್ಡ ಬರುತ್ತದೆ, ಮೇಲೆ ಪೋಸ್ಟರ್ ಅಂಟುತ್ತದೆ. 2016ರ ಡಿಸೆಂಬರ್‌ನ ವಾರ್ದಾದಂಥ ಚಂಡಮಾರುತ ಕಂಬಗಳನ್ನೂ ಬಿಡುವುದಿಲ್ಲ. ಮೆಟ್ರೊ ಎರಡನೇ ಹಂತದ ಕಾಮಗಾರಿಯಿಂದ ಹಲವು ರಸ್ತೆಗಳ ದಿಕ್ಕೇ ಬದಲಾಗಿದೆ. ಇಂಥ ರಸ್ತೆಯಲ್ಲಿ ಹೀಗೆ ಮಾಡಿ.

1. ಆಕಾರ ಗುರುತಿಸಿ
ಅಕ್ಷರ ಅಳಿಸಿದ್ದರೂ ಆಕಾರ ಉಳಿದಿರುತ್ತದೆ. ಎಂಟು ಮೂಲೆಯದು ‘ನಿಲ್ಲಿ’, ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’. ಬೇರೆ ಯಾವ ಫಲಕಕ್ಕೂ ಈ ಎರಡು ಆಕಾರಗಳಿಲ್ಲ. ಉಳಿದಂತೆ ವೃತ್ತ ಆದೇಶ, ನೆಟ್ಟಗಿನ ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ.

2. ಏನೂ ಕಾಣದಿದ್ದರೆ ವೇಗ ತಗ್ಗಿಸಿ
ಚೆನ್ನೈ ಸಂಚಾರ ಪೊಲೀಸರು 2023ರ ನವೆಂಬರ್‌ನಲ್ಲಿ ನಿಗದಿ ಮಾಡಿದ ಮಿತಿ ಹೀಗಿದೆ: ಕಾರಿಗೆ ಗಂಟೆಗೆ 60 ಕಿ.ಮೀ., ಬೈಕು ಮತ್ತು ಭಾರಿ ವಾಹನಗಳಿಗೆ 50, ಆಟೊಗೆ 40, ವಸತಿ ಪ್ರದೇಶದಲ್ಲಿ ಎಲ್ಲರಿಗೂ 30. ಸಿಗ್ನಲ್ಲೂ ಫಲಕವೂ ಇಲ್ಲದ ಕೂಡು ರಸ್ತೆಯಲ್ಲಿ ಮುಖ್ಯ ರಸ್ತೆಯ ವಾಹನಗಳಿಗೆ, ಉಳಿದ ಕಡೆ ಬಲದಿಂದ ಬರುವವರಿಗೆ ದಾರಿ ಬಿಡಿ.

3. ತಿರುವು ತಪ್ಪಿದರೆ ಮುಂದಕ್ಕೇ ಹೋಗಿ
ಮೇಲ್ಸೇತುವೆಯ ಮೇಲೆ ನಿಲ್ಲಿಸುವುದು, ಹಿಂದಕ್ಕೆ ತೆಗೆಯುವುದು ಬೇಡವೇ ಬೇಡ. ಮುಂದಿನ ಯೂ ಟರ್ನ್‌ನಲ್ಲಿ ತಿರುಗಿ ಬನ್ನಿ. ದಾರಿ ಹುಡುಕುವಾಗ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಯನ್ನಷ್ಟೇ ನಂಬಬೇಡಿ, ಅವು 2010ರಲ್ಲಿ ಬದಲಾಗಿವೆ. ಚೆನ್ನೈ–ರಾಣಿಪೇಟೆ ರಸ್ತೆ ಹಿಂದೆ 4, ಈಗ 48. ಹಳೆಯ ಸಂಖ್ಯೆ ಎಲ್ಲಾದರೂ ಕಂಡರೆ ಗಲಿಬಿಲಿ ಬೇಡ, ಊರಿನ ಹೆಸರು ನೋಡಿ ಸಾಗಿ.

4. ಸುರಕ್ಷಿತ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ
ಎರಡು ಫೋಟೊ ಸಾಕು: ಒಂದು ಫಲಕದ್ದು, ಇನ್ನೊಂದು ಚಾಲಕನಿಗೆ ದೂರದಿಂದ ಕಾಣುವ ನೋಟದ್ದು. ರಾತ್ರಿ ಫ್ಲ್ಯಾಷ್ ಹಾಕಿ ತೆಗೆದರೆ ಇನ್ನೂ ಒಳ್ಳೆಯದು. ಸುಸ್ಥಿತಿಯ ಫಲಕದ ಪ್ರತಿಫಲಿಸುವ ಹಾಳೆ ಬೆಳ್ಳಗೆ ಹೊಳೆಯುತ್ತದೆ. ಸವೆದ ಹಾಳೆ ಹಗಲು ಚೆನ್ನಾಗಿ ಕಂಡರೂ ಫ್ಲ್ಯಾಷ್‌ಗೆ ಮಂಕಾಗಿಯೇ ಇರುತ್ತದೆ. ವಾಹನದ ದೀಪಕ್ಕೂ ಅದು ಕಾಣುವುದು ಹಾಗೆಯೇ. ಜಾಗದ ಹೆಸರು, ಹತ್ತಿರದ ಗುರುತು, ಸಾಗುವ ದಿಕ್ಕು, ದಿನಾಂಕ ಬರೆದಿಡಿ.

5. ರಸ್ತೆ ಯಾರದೆಂದು ತಿಳಿದು ದೂರು ಕೊಡಿ
ಬಡಾವಣೆಯ ರಸ್ತೆ, ಬೀದಿಯ ನಾಮಫಲಕಗಳಿಗೆ ಗ್ರೇಟರ್ ಚೆನ್ನೈ ಕಾರ್ಪೊರೇಷನ್‌ನ ಸಹಾಯವಾಣಿ 1913. ಅಣ್ಣಾ ಸಾಲೈಯಂಥ ಮುಖ್ಯ ರಸ್ತೆಗಳು ತಮಿಳುನಾಡು ಹೆದ್ದಾರಿ ಇಲಾಖೆಯವು, ದೂರಿಗೆ ಮುಖ್ಯಮಂತ್ರಿ ಸಹಾಯವಾಣಿ 1100. ಬೆಂಗಳೂರು ಹೆದ್ದಾರಿ, ಚೆನ್ನೈ ಬೈಪಾಸ್‌ಗಳಿಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ 1033. ಫಲಕ ರಸ್ತೆಗೆ ಅಡ್ಡ ಬಿದ್ದಿದ್ದರೆ ಮೊದಲು 112ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ.

6. ಉತ್ತರ ಬರದಿದ್ದರೆ ಬೆನ್ನುಬಿಡಬೇಡಿ
ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಆ ಫಲಕವನ್ನು ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ, ನಿರ್ವಹಣೆ ಯಾರದು ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಮರೆಯಾದ ಫಲಕದಿಂದಾಗಿ ದಂಡದ ಇ-ಚಲನ್ ಬಂದಿದ್ದರೆ, ವರ್ಚುವಲ್ ಕೋರ್ಟ್‌ನಲ್ಲಿ ಅದನ್ನು ಪ್ರಶ್ನಿಸುವ ಆಯ್ಕೆಯಿದೆ. ಅಲ್ಲಿ ನಿಮ್ಮ ಫೋಟೊಗಳೇ ಆಧಾರ.

ಕಾನೂನು ಏನು ಹೇಳುತ್ತದೆ?
ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಫಲಕವನ್ನು ಬೇಕೆಂದೇ ಕೀಳುವುದು, ವಿರೂಪಗೊಳಿಸುವುದು ನಿಷಿದ್ಧ. ನಿಮ್ಮ ವಾಹನ ತಾಗಿ ಫಲಕ ಕೆಲಸಕ್ಕೆ ಬಾರದಂತಾದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ರಸ್ತೆ ಸುರಕ್ಷತೆಯ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಸೆಕ್ಷನ್ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ದಿನವೂ ಅದೇ ದಾರಿಯಲ್ಲಿ ಓಡಾಡುವವರಿಗೆ ತಿರುವು ಬಾಯಿಪಾಠ, ಫಲಕದ ಹಂಗಿಲ್ಲ. ಹಾಗಾಗಿ ದೂರು ಕೊಡುವವರೂ ಇರುವುದಿಲ್ಲ. ಅಪಾಯ ಮಾತ್ರ ಹೊಸಬರಿಗೆ. ನೀವು ಚೆನ್ನೈನಲ್ಲಿ ನೆಲೆಸಿದವರಾದರೆ, ನಿಮ್ಮ ದಾರಿಯ ಒಂದು ಕೆಟ್ಟ ಫಲಕದ ಬಗ್ಗೆ ಈ ವಾರವೇ ದೂರು ದಾಖಲಿಸಿ. ಅದು ಸರಿಯಾಗುವವರೆಗೂ ವಿಚಾರಿಸುತ್ತಿರಿ.